ಹೊಳೆಗುಂಟ ಪಾಳಿ

ನದೀಮೂಲ ಹುಡುಕಬಾರದು ಅನ್ನುತ್ತಾರೆ ನಮ್ಮಲ್ಲಿ.
ನಾನೇನೂ ಹುಡುಕಿರಲಿಲ್ಲ.
ಮಂಗಳವಾರದ ಪಟ್ಟಿಯ ಮೊದಲ ಹೆಸರು
ಹಿವೆಲ್ ಪ್ರಾಸರ್, ಎಂಬತ್ತೊಂದು, ಎಡಗಾಲ ಹುಣ್ಣು.
ಅವನ ಮನೆ ವೇಲ್ಸಿನ ಗಡಿಗುಡ್ಡದ ನೆತ್ತಿಗಿತ್ತು, ಅಷ್ಟೆ.

ಬ್ಯಾಂಡೇಜು ಸುತ್ತಿ ಎದ್ದಾಗ ಕಿಟಕಿಯಾಚೆ ಬೆರಳು ಚಾಚಿದ:
ಕುರಿಗಳು ಕುಡಿಯುವ ಕಲ್ಲುಬಾನಿ,
ಅದರ ಸೀಳುತುಟಿಯಿಂದ ನೀರಿನ ಒಂದು ಎಳೆ
ಜೊಂಡಿನೊಳಗೆ ಇಳಿದು ಕಾಣೆ.
‘ಅದೇ ಅರ್ಲೆನ್ ನದಿ. ನನ್ನದು’ ಅಂದ.
‘ಬೇಸಗೆಯಲ್ಲಿ ನನ್ನ ಹಸು ಉಚ್ಚೆ ಹೊಯ್ದರೆ
ಅದು ಇದಕ್ಕಿಂತ ದೊಡ್ಡ ನದಿ.’

ಇಲ್ಲಿಯವರಿಗೆ ನದಿ ‘ಅದು’.
ಏಳು ವರ್ಷವಾದರೂ ನನ್ನ ನಾಲಗೆ ಒಪ್ಪದು,
ಅವಳು ಅಂದೇ ಅನ್ನುತ್ತದೆ.

ಮೊದಲ ಎರಡು ಮೈಲಿ ಬರೀ ಹುಡುಗಾಟ.
ಬೇಲಿ ನುಸುಳಿ, ರಸ್ತೆಯಡಿಯ ಪೈಪಿನಲ್ಲಿ ತೂರಿ,
ನನ್ನ ಕಾರಿನ ಎಡಕ್ಕೆ ಇದ್ದವಳು ಬಲಕ್ಕೆ ಬಂದು,
ಕಲ್ಲಿಗೊಂದು ಮಾತು ಒಗೆದು
ಕಲ್ಲು ಬಾಯಿ ತೆರೆಯುವ ಮುಂಚೆ ಪರಾರಿ.

ಪಾಳು ಚರ್ಚಿನ ಕೆಳಗೆ ನಾಂಟ್ ಕೋಖ್ ಸೇರುತ್ತದೆ.
ನಾಂಟ್ ಅಂದರೆ ಹಳ್ಳ, ಕೋಖ್ ಅಂದರೆ ಕೆಂಪು;
ನನಗದು ಕೆಂಪುಹಳ್ಳ.
ಉತ್ತ ಹೊಲಗಳ ಮಣ್ಣೆಲ್ಲ ಬಾಚಿಕೊಂಡು ಬರುತ್ತದೆ.
ಸೇರಿದ ಮೇಲೂ ನೂರು ಗಜ
ಕೆಂಪು ಒಂದು ಬದಿ, ತಿಳಿ ಒಂದು ಬದಿ,
ಮಾತು ಬಿಟ್ಟ ಓರಗಿತ್ತಿಯರು ಒಂದೇ ಒಲೆಯಲ್ಲಿ
ಬೇರೆ ಬೇರೆ ಪಾತ್ರೆ ಇಟ್ಟ ಹಾಗೆ.

ಅಲ್ಲೇ ನೀರು ರಸ್ತೆಯ ಮೇಲೆ ಹಾಯುವ ಕಡವು.
ಕಡವಿನಾಚೆ ಡಿಲಿಸ್ ವಾಟ್ಕಿನ್ಸ್, ದಿನಕ್ಕೊಂದು ಇನ್ಸುಲಿನ್.
ದಾಟಬಹುದೇ ಎಂದು ಫೋನು ಮಾಡಿದರೆ
ಹೌದು ಅಲ್ಲ ಅನ್ನುವವಳಲ್ಲ;
‘ನೀನೇ ಕೇಳಿಸಿಕೋ’ ಎಂದು ಫೋನನ್ನು ಕಿಟಕಿಗೆ ಇಡುತ್ತಾಳೆ.
ಗುಸುಗುಸು ಅಂದರೆ ಬರಬಹುದು.
ಎದೆಯಿಂದ ದನಿ ಬಂದರೆ ಬರಬಾರದು.

ಕೋಳಿಶೆಡ್ಡುಗಳ ಹಿಂದಿನಿಂದ ಬರುವ ಇನ್ನೊಂದಕ್ಕೆ
ನಕ್ಷೆಯಲ್ಲಿ ಹೆಸರಿಲ್ಲ.
ಯಾರದು, ಎಲ್ಲಿಯದು ಎಂದು ಕೇಳದೆ
ಮಡಿಲಿಗೆ ಹಾಕಿಕೊಂಡಳು.
ಮೇ ತಿಂಗಳಲ್ಲಿ ಬಿಳಿಹೂ ತೇಲುತ್ತಿದ್ದ ಕಡೆ
ಈಗ ಕಲ್ಲುಕಲ್ಲಿಗೂ ಹಸಿರು ಲೋಳೆ.
ಗಾಳ ಹಾಕುವವರು ಕುರ್ಚಿ ಮಡಚಿ ಹೋದರು.

ಆಮೇಲೆ ಬಯಲು. ಅವಸರ ಮುಗಿದ ಬಯಲು.
ಒಂದು ಹೊಲ ದಾಟಲು ಅರ್ಧ ದಿನ,
ತಾನು ಬಂದ ದಾರಿಯನ್ನೇ ತಿರುತಿರುಗಿ ನೋಡುವ ನಡೆ.
ಚಳಿಗಾಲಕ್ಕೆ ಅವಳ ಕಾಲೂ ಊದುತ್ತದೆ,
ನನ್ನ ಪಟ್ಟಿಯ ಅರ್ಧ ಜನರ ಹಾಗೆ;
ಒತ್ತಿದರೆ ಗುಳಿ ಬೀಳುವ ಹುಲ್ಲುಗಾವಲು,
ಬೇಲಿಗಳ ತಲೆ ಮಾತ್ರ ಮೇಲೆ.

ಫೆಬ್ರವರಿಯ ಆ ಬೆಳಿಗ್ಗೆ ಡಿಲಿಸ್ ಫೋನೆತ್ತಿದಳು,
ಕಿಟಕಿಗೆ ಇಟ್ಟಳು,
ತಿರುಗಿ ಎತ್ತಿಕೊಳ್ಳಲಿಲ್ಲ.
ರಸ್ತೆಬದಿ ಕಾರು ನಿಲ್ಲಿಸಿ ಹತ್ತು ನಿಮಿಷ
ಹೊಳೆಯೊಂದನ್ನೇ ಕೇಳಿದೆ. ಎದೆಯ ದನಿ ಕೂಡ ಅಲ್ಲ,
ಮನೆಯ ಸಾಮಾನೆಲ್ಲ ಎಳೆದಾಡುವ ಸದ್ದು.
ಡಿಲಿಸ್, ಡಿಲಿಸ್ ಅಂದೆ. ನೀರೇ ಮಾತಾಡಿತು.

ಪಕ್ಕದ ಹೊಲದ ಗೆಥಿನ್ ಟ್ರ್ಯಾಕ್ಟರು ತಂದ.
ಅದರ ಮುಂದಿನ ಸಗಣಿ ಎತ್ತುವ ಬುಟ್ಟಿಯಲ್ಲಿ
ಔಷಧಿಚೀಲ ಅವಚಿ ನಿಂತೆ.
ನಮ್ಮ ಕಥೆಯಲ್ಲಿ ಬುಟ್ಟಿ ತಲೆಯ ಮೇಲಿತ್ತು,
ಯಮುನೆ ಸರಿದು ನಿಂತಿದ್ದಳು.
ಇಲ್ಲಿ ಬುಟ್ಟಿಯೊಳಗೆ ನಾನೇ;
ಅರ್ಲೆನ್ ಒಂದು ಗೇಣೂ ಸರಿಯಲಿಲ್ಲ,
ಮೊಣಕಾಲವರೆಗೆ ಒಳಗೆ ಬಂದು ನೋಡಿ ಹೋದಳು.

ಡಿಲಿಸ್ ಕುರ್ಚಿಯಲ್ಲಿ ಬೆವೆತು ಜೋತಿದ್ದಳು.
ರಕ್ತದ ಸಕ್ಕರೆ ತಳ ಮುಟ್ಟಿತ್ತು.
ಒಸಡಿಗೆ ಜಾಮು ಸವರಿದೆ, ಎರಡು ಬಾರಿ, ಮೂರು ಬಾರಿ;
ನುಂಗುವಷ್ಟು ಎಚ್ಚರವಾದಾಗ ಒಂದು ಚಮಚ.

ಕಣ್ಣು ಬಿಟ್ಟವಳು ಕಿಟಕಿಯ ಕಡೆ ತಿರುಗಿದಳು.
‘ಪೂರ್ತಿ ಕೇಳಿದೆಯಾ?’
ಕೇಳಿದೆ ಅಂದೆ.
‘ಹಿವೆಲ್ ತನ್ನ ಬಾನಿ ತುಂಬಿದ್ದಕ್ಕೆ ಇಷ್ಟಾಯಿತು ಅಂತಾನೆ.
ಹೇಳಿಬಿಡು ಅವನಿಗೆ,
ಇದರಲ್ಲಿ ಮುಕ್ಕಾಲು ಪಾಲು ನನ್ನ ಕೆಂಪುಹಳ್ಳದ್ದು.’